ದಿಲ್ಲಿಯ ಗುಡ್ಡದ ತಾಯಂದಿರು

ದಿಲ್ಲಿ ನೋಡಲು ಹೋದ ಕನ್ನಡಿಗರು ಲೋಟಸ್ ಟೆಂಪಲ್ ನೋಡದೆ ಊರಿಗೆ ಮರಳುವುದು ಕಡಿಮೆ. ಮೆಟ್ರೊದಲ್ಲಿ ಹೋದರೆ ಅದಕ್ಕೆ ಇಳಿಯಬೇಕಾದ ನಿಲ್ದಾಣ ‘ಕಾಲ್ಕಾಜಿ ಮಂದಿರ’. ಹೊರಗೆ ಬಂದ ಜನ ಅಲ್ಲಿ ಎರಡಾಗಿ ಒಡೆಯುತ್ತಾರೆ. ಕ್ಯಾಮೆರಾ ಹಿಡಿದವರು 1986ರಲ್ಲಿ ತೆರೆದ ಬಹಾಯಿ ಮಂದಿರದ ಬಿಳಿ ಎಸಳುಗಳತ್ತ ಹೋಗುತ್ತಾರೆ. ತೆಂಗಿನಕಾಯಿ, ಜರಿಯಂಚಿನ ಕೆಂಪು ಚುನ್ರಿ ಹಿಡಿದವರು ಕಾಲ್ಕಾ ಮಾಯಿಯ ಗುಡಿಯತ್ತ ನಡೆಯುತ್ತಾರೆ. ಆ ಗುಡಿ ಇರುವುದು ಗುಡ್ಡದ ಮೇಲೆ. ಸುತ್ತ ಕಟ್ಟಡ, ದಾರಿಯುದ್ದಕ್ಕೂ ಹೂವು-ಪ್ರಸಾದದ ಅಂಗಡಿ, ಕಾಲಡಿಯಲ್ಲಿ ಕಾಂಕ್ರೀಟು. ಹೀಗಾಗಿ ನೆಲ ಏರುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಅಲ್ಲಿ ನಾವು ಹತ್ತುತ್ತಿರುವುದು ಅರಾವಳಿ ಬೆಟ್ಟವನ್ನೇ.

ದಿಲ್ಲಿ ಎಂದರೆ ಬಟಾಬಯಲು ಎಂದೇ ನಮ್ಮಲ್ಲಿ ಬಹಳ ಜನರ ಕಲ್ಪನೆ. ಬೆಟ್ಟದ ದೇವಿಯನ್ನು ನೋಡಬೇಕೆಂದರೆ ಜಮ್ಮುವಿಗೋ ಹಿಮಾಚಲಕ್ಕೋ ಹೋಗಬೇಕು ಎಂದು ದಿಲ್ಲಿಯವರೂ ಅಂದುಕೊಂಡಿದ್ದಾರೆ. ಆದರೆ ಗುಜರಾತಿನಿಂದ ಹೊರಟು ರಾಜಸ್ಥಾನ, ಹರಿಯಾಣ ದಾಟಿ ಸುಮಾರು 670 ಕಿಲೋಮೀಟರ್ ಹರಿದುಬರುವ ಅರಾವಳಿಯ ಬಾಲ ದಿಲ್ಲಿಯ ಒಳಗೇ ಇದೆ. ದಕ್ಷಿಣದ ಭಾಟಿಯಲ್ಲಿ ಸಮುದ್ರಮಟ್ಟದಿಂದ 300 ಮೀಟರಿಗೂ ಮೇಲೆ ತಲೆಯೆತ್ತಿ, ಮೆಹ್ರೌಲಿ, ಕರೋಲ್ ಬಾಗ್ ಹಾದು, ವಿಶ್ವವಿದ್ಯಾಲಯದ ಹಿಂದಿನಿಂದ ಸಾಗಿ, ವಜೀರಾಬಾದಿನ ಬಳಿ ಯಮುನೆಯ ದಡದಲ್ಲಿ ಅದು ಮುಗಿಯುತ್ತದೆ. ಇದಕ್ಕೆ ಅಲ್ಲಿಯವರು ‘ರಿಡ್ಜ್’ ಎನ್ನುತ್ತಾರೆ. ಬೆಣಚುಕಲ್ಲಿನ ಈ ಬಂಡೆಗಳಿಗೆ ನೂರು ಕೋಟಿ ವರ್ಷಕ್ಕೂ ಮಿಕ್ಕಿದ ವಯಸ್ಸು. ಹಿಮಾಲಯ ಇವುಗಳ ಮುಂದೆ ಮೊನ್ನೆ ಮೊನ್ನೆ ಎದ್ದದ್ದು. ಸರ್ಕಾರದ ಲೆಕ್ಕದಲ್ಲಿ ರಿಡ್ಜ್‌ನ ವಿಸ್ತೀರ್ಣ 7,777 ಹೆಕ್ಟೇರ್. ರಾಷ್ಟ್ರಪತಿ ಭವನ ನಿಂತಿರುವ ರೈಸಿನಾ ಗುಡ್ಡವೂ ಇದೇ ಕಲ್ಲಿನ ಕುಡಿ.

ಈ ಕಲ್ಲಿನ ಬೆನ್ನೆಲುಬಿನ ಮೇಲೆ ಬೆರಳಿಟ್ಟು ನಕ್ಷೆಯಲ್ಲಿ ಸಾಗಿದರೆ ದಿಲ್ಲಿಯ ಹಳೆಯ ದೇವಿಯರು ಒಬ್ಬೊಬ್ಬರಾಗಿ ಸಿಗುತ್ತಾರೆ. ಮೆಹ್ರೌಲಿಯಲ್ಲಿ ಯೋಗಮಾಯೆ, ಕರೋಲ್ ಬಾಗಿನ ಪಕ್ಕದಲ್ಲಿ ಝಂಡೇವಾಲಿ, ಪೂರ್ವಕ್ಕೆ ಚಾಚಿದ ಕವಲಿನ ಮೇಲೆ ಕಾಲ್ಕಾ. ಊರು ಏಳೆಂಟು ಸಲ ಜಾಗ ಬದಲಿಸಿತು, ಅರಸರು ಬಂದರು ಹೋದರು. ದೇವಿಯರು ಮಾತ್ರ ಗುಡ್ಡ ಬಿಟ್ಟು ಇಳಿಯಲಿಲ್ಲ. ದಿಲ್ಲಿಗೆ ಬೆಟ್ಟವಿದೆ ಎಂಬುದಕ್ಕೆ ಇವತ್ತು ಎಲ್ಲರೂ ಒಪ್ಪುವ ಸಾಕ್ಷಿ ಇವರೇ ಎಂದು ನನಗೆ ಅನ್ನಿಸುತ್ತದೆ.

ಕಾಲ್ಕಾಜಿಯ ಗರ್ಭಗುಡಿಯಲ್ಲಿರುವುದು ಶಿಲ್ಪಿ ಕಡೆದ ವಿಗ್ರಹವಲ್ಲ. ಸಿಂಧೂರ ಬಳಿದು, ಕಣ್ಣಿಟ್ಟು, ಆಭರಣ ತೊಡಿಸಿದ ಉದ್ಭವ ಶಿಲೆ ಎಂಬುದು ಭಕ್ತರ ನಂಬಿಕೆ. ನಮ್ಮ ಹಳ್ಳಿಗಳಲ್ಲಿ ಬಂಡೆಗೆ ಕುಂಕುಮ ಹಚ್ಚಿ ಬೆಳ್ಳಿಯ ಕಣ್ಣಿಟ್ಟು ಪೂಜಿಸುವ ಅಮ್ಮನನ್ನು ಕಂಡವರಿಗೆ ಈ ಮುಖ ಹೊಸದಲ್ಲ. ಗುಡ್ಡಕ್ಕೆ ಸೂರ್ಯಕೂಟ ಎಂಬ ಹೆಸರನ್ನು ಗುಡಿಯವರು ಹೇಳುತ್ತಾರೆ. ಸ್ಥಳಪುರಾಣ ದೇವೀಮಾಹಾತ್ಮ್ಯದ ರಕ್ತಬೀಜನ ಕಥೆಯನ್ನೇ ಇಲ್ಲಿಗೆ ತಂದು ನಿಲ್ಲಿಸಿದೆ. ಅಸುರರ ನೆತ್ತರು ನೆಲಕ್ಕೆ ಬಿದ್ದಲ್ಲೆಲ್ಲ ಹೊಸ ಅಸುರರು ಹುಟ್ಟುತ್ತಿದ್ದಾಗ ಕೌಶಿಕಿ ದೇವಿಯ ಹುಬ್ಬಿನಿಂದ ಕಾಳಿ ಮೂಡಿದಳಂತೆ. ಅವಳ ಕೆಳದುಟಿ ಈ ಗುಡ್ಡಗಳ ಮೇಲೆ ಊರಿತ್ತು, ಮೇಲ್ದುಟಿ ಆಕಾಶ ಮುಟ್ಟಿತ್ತು. ಒಂದು ಹನಿಯೂ ನೆಲಕ್ಕೆ ಬೀಳದಂತೆ ಕುಡಿದು ಮುಗಿಸಿ, ದ್ವಾಪರದ ಕೊನೆಗೆ ಇಲ್ಲೇ ನೆಲೆಸಿದಳು ಎಂದು ಕಥೆ. ಪುರಾಣ ಹೇಳಿದವರ ಕಣ್ಣಿಗೆ ಗುಡ್ಡ ಎಷ್ಟು ಸ್ಪಷ್ಟವಾಗಿ ಕಂಡಿತ್ತು ನೋಡಿ. ಗುಡ್ಡ ತೆಗೆದರೆ ಕಾಳಿಗೆ ತುಟಿ ಊರಲು ಜಾಗವೇ ಇಲ್ಲ.

ಕಟ್ಟಡದ ಮಟ್ಟಿಗೆ ಹೇಳುವುದಾದರೆ ಈಗ ಉಳಿದಿರುವ ಅತಿ ಹಳೆಯ ಭಾಗ 1764ರ ಹೊತ್ತಿನದು, ಮರಾಠರ ಕಾಲದ್ದು. 1816ರಲ್ಲಿ ಮೊಗಲ್ ದೊರೆ ಎರಡನೇ ಅಕ್ಬರನ ಪೇಷ್ಕಾರನಾಗಿದ್ದ ರಾಜಾ ಕೇದಾರನಾಥ ಅದನ್ನು ವಿಸ್ತರಿಸಿ ಮೇಲೆ ಶಿಖರ ಎತ್ತಿಸಿದ. ಗರ್ಭಗುಡಿಗೆ ಹನ್ನೆರಡು ಮೂಲೆ, ಸುತ್ತಲೂ ಬಾಗಿಲು. ಈ ಹನ್ನೆರಡು ಬಾಗಿಲನ್ನು ಹನ್ನೆರಡು ರಾಶಿಗಳೆಂದು ಭಾವಿಸುತ್ತಾರೆ. ಗ್ರಹಗಳೆಲ್ಲ ಈ ತಾಯಿಯ ಅಂಕೆಯಲ್ಲಿವೆ ಎಂಬ ನಂಬಿಕೆಯಿಂದ ಗ್ರಹಣದ ದಿನವೂ ಇಲ್ಲಿ ಬಾಗಿಲು ಹಾಕುವುದಿಲ್ಲ. ಗ್ರಹಣವೆಂದರೆ ಗುಡಿ ಮುಚ್ಚಿ, ದರ್ಭೆ ಹಾಕಿ, ಬಿಟ್ಟ ಮೇಲೆ ತೊಳೆಯುವ ನಮ್ಮ ಕಡೆಯ ಪದ್ಧತಿ ಬಲ್ಲವರಿಗೆ ಇದು ಅಚ್ಚರಿಯೇ.

ಪೂಜೆಯ ಹಕ್ಕು ‘ಥೋಕ್’ ಎಂದು ಕರೆಯುವ ವಂಶದ ಕವಲುಗಳಲ್ಲಿ ಹಂಚಿಹೋಗಿದೆ. ಸರದಿಗೆ ‘ಬಾರಿ’ ಎನ್ನುತ್ತಾರೆ. ಸರದಿಯವರಿಗೆ ಕಾಣಿಕೆಯ ಹಕ್ಕೂ ಸೇರಿರುವುದರಿಂದ ವ್ಯಾಜ್ಯಗಳು ಬೆಳೆದವು. ಜನರಿಗೆ ನೀರು, ನೆರಳು, ಶೌಚಾಲಯ ಒದಗಿಸುವ ಹೊಣೆ ಯಾರದೆಂಬುದೇ ತಿಳಿಯದಾಯಿತು. ಕೊನೆಗೆ 2021ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಜೆ.ಆರ್. ಮಿಧಾ ಅವರನ್ನು ಆಡಳಿತಾಧಿಕಾರಿಯಾಗಿ ನೇಮಿಸಿತು. ಅಂಗಳದಲ್ಲಿ ಅಕ್ರಮವಾಗಿ ಬೇರೂರಿದ್ದ ಅಂಗಡಿ, ವಾಸದ ಮನೆಗಳ ತೆರವಿಗೂ, ಇಡೀ ಆವರಣವನ್ನು ಹೊಸದಾಗಿ ರೂಪಿಸುವ ಯೋಜನೆಗೂ ಆದೇಶವಾಯಿತು. ನವರಾತ್ರಿಯಲ್ಲಿ ಇಲ್ಲಿ ನಡುರಾತ್ರಿಯಿಂದಲೇ ಸಾಲು ನಿಲ್ಲುತ್ತದೆ. ಅಷ್ಟು ಜನರ ತಲೆಯ ಮೇಲೆ ಮಾಡು, ಹೊರಗೆ ಹೋಗಲು ಸರಾಗ ದಾರಿ ಇರಬೇಕೆಂಬುದು ಭಕ್ತಿಗೆ ಸಂಬಂಧವಿಲ್ಲದ ಮಾತಲ್ಲ. 2024ರ ಜನವರಿಯಲ್ಲಿ ಜಾಗರಣೆಯ ರಾತ್ರಿ ವೇದಿಕೆ ಕುಸಿದು ಹೆಣ್ಣುಮಗಳೊಬ್ಬಳು ಜೀವ ಕಳೆದುಕೊಂಡದ್ದು ಈ ಆವರಣದಲ್ಲೇ. ತಾಯಿಯ ಮನೆಗೆ ಹೋದವರು ಸುರಕ್ಷಿತವಾಗಿ ಮರಳಬೇಕು. ಅದಕ್ಕಿಂತ ದೊಡ್ಡ ಸೇವೆ ಯಾವುದೂ ಇಲ್ಲ.

ಇನ್ನು ನಾನು ತುಸು ನಿಂತು ಹೇಳಬೇಕಾದದ್ದು ಗುಡಿಗೆ ಹತ್ತಿರವೇ ಇರುವ ಇನ್ನೊಂದು ಬಂಡೆಯ ಬಗ್ಗೆ. 1966ರಲ್ಲಿ ಬಹಾಪುರದ ಈ ಗುಡ್ಡಸಾಲಿನಲ್ಲಿ ಕಟ್ಟಡದ ಕೆಲಸ ನಡೆಯುವ ಹೊತ್ತಿನಲ್ಲಿ ಓರೆಯಾದ ಬಂಡೆಯ ಮೈಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಓದಿ ನೋಡಿದರೆ ಅದು ಅಶೋಕನ ಕಿರು ಬಂಡೆಶಾಸನ, ಕ್ರಿಸ್ತಪೂರ್ವ 3ನೇ ಶತಮಾನದ್ದು. ದಿಲ್ಲಿಯಲ್ಲಿ ಅಶೋಕನ ಎರಡು ಕಂಬಗಳಿವೆ. ಅವನ್ನು 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಬೇರೆ ಊರುಗಳಿಂದ ಹೊತ್ತು ತರಿಸಿದ್ದು. ಈ ಬಂಡೆ ಹಾಗಲ್ಲ, ಹುಟ್ಟಿದಲ್ಲೇ ಇದೆ. ಈಸ್ಟ್ ಆಫ್ ಕೈಲಾಶ್ ಬಡಾವಣೆಯ ಮಗ್ಗುಲಲ್ಲಿ, ಸಣ್ಣ ಉದ್ಯಾನದೊಳಗೆ, ಸೂರು ಹೊತ್ತು ನಿಂತಿದೆ. ಅಕ್ಷರಗಳು ಬಹಳ ಸವೆದಿವೆ.

ಕನ್ನಡಿಗರಿಗೆ ಈ ಬರಹ ಪರಕೀಯವಲ್ಲ. ಇದೇ ಶಾಸನದ ಪಾಠ ನಮ್ಮ ಮಸ್ಕಿಯಲ್ಲಿದೆ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿದೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿದೆ. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಯಲ್ಲೇ ‘ದೇವಾನಾಂಪ್ರಿಯ’ ಎಂದರೆ ಅಶೋಕ ಎಂಬುದು ಮೊದಲು ಖಚಿತವಾದದ್ದು. ಬ್ರಹ್ಮಗಿರಿಯಲ್ಲಿ ಅದು ಸುವರ್ಣಗಿರಿಯ ಆರ್ಯಪುತ್ರನ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಹೋದ ಆಜ್ಞೆಯ ರೂಪದಲ್ಲಿದೆ. ಶಾಸನದ ಸಾರ ಇಷ್ಟು: ನಾನು ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಮೊದಲು ಹೆಚ್ಚು ಶ್ರಮಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಪಟ್ಟೆ, ಇದರಿಂದ ಜಂಬೂದ್ವೀಪದಲ್ಲಿ ದೇವರುಗಳು ಜನರೊಡನೆ ಬೆರೆಯುವಂತಾಯಿತು, ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ.

ಇಂಥ ಮಾತನ್ನು ಕೆತ್ತಿಸಲು ಮೌರ್ಯರು ಈ ಬಂಡೆಯನ್ನೇ ಏಕೆ ಆರಿಸಿದರು? ಗಂಗೆಯ ಬಯಲಿನಿಂದ ವಾಯವ್ಯಕ್ಕೆ ಹೋಗುವ ಹಳೆಯ ವ್ಯಾಪಾರದ ಹಾದಿ ಇಲ್ಲಿ ಹಾದಿರಬೇಕು ಎನ್ನುವ ಇತಿಹಾಸಕಾರರಿದ್ದಾರೆ. ಜನ ಆಗಲೇ ಕೂಡುತ್ತಿದ್ದ ದೇವರ ಸ್ಥಾನವೊಂದು ಈ ಗುಡ್ಡದಲ್ಲಿ ಇದ್ದಿರಬಹುದು ಎಂಬ ಊಹೆಯೂ ಇದೆ. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಹಾಗೆಂದು ಈಗಿನ ಕಾಲ್ಕಾಜಿ ಅಷ್ಟು ಹಳೆಯದು ಎಂದು ಸಾಧಿಸಲು ಬರುವುದಿಲ್ಲ. ಆದರೆ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರದಲ್ಲಿ ಬೆಟ್ಟದ ಮೇಲಿನ ದೇಗುಲದ ಹತ್ತಿರವೇ ಅಶೋಕನ ಅಕ್ಷರಗಳಿವೆ. ಜಟಾಯು ಬಿದ್ದ ಜಾಗವೆಂದು ಜನ ಇಂದಿಗೂ ಆ ಬೆಟ್ಟ ಹತ್ತುತ್ತಾರೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಂತೂ ಚಂದ್ರಲಾಂಬೆಯ ಆವರಣದಲ್ಲಿ ಕಾಳಿಕಾ ಗುಡಿಯ ಮಾಡು ಕುಸಿದಾಗ, 1986ರಲ್ಲಿ, ದೇವಿಯ ಮೂರ್ತಿಗೆ ಆಧಾರವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಬೆಳಕಿಗೆ ಬಂತು. ಒಂದೇ ತಾಣ ಬೇರೆ ಬೇರೆ ಕಾಲದ ಬೇರೆ ಬೇರೆ ಶ್ರದ್ಧೆಗಳನ್ನು ಹೊತ್ತುಕೊಂಡದ್ದು ಇದು. ಸನ್ನತಿಯಲ್ಲಿ ಕಾಳಿಕೆ, ದಿಲ್ಲಿಯಲ್ಲಿ ಕಾಲ್ಕಾ, ಎರಡೂ ಕಡೆ ಅಶೋಕ. ಇಲ್ಲಿಂದ ಅಲ್ಲಿಗೆ ಹೋದ ನಮ್ಮವರು ಈ ನಂಟನ್ನು ಕಾಣದೆ ಬರುತ್ತಾರಲ್ಲ ಎಂಬುದೇ ನನ್ನ ಕೊರಗು.

ಕುತುಬ್ ಮಿನಾರ್ ನೋಡುವವರಿಗೂ ಇದೇ ಮಾತು. ಮಿನಾರಿನ ಅಂಗಳದಿಂದ ಅನತಿ ದೂರದಲ್ಲಿ, ತೋಮರ ಅರಸರ ಲಾಲ್ ಕೋಟ್ ಕೋಟೆಯ ಒಳಗೆ ಯೋಗಮಾಯೆಯ ಗುಡಿಯಿದೆ. ದೇವಕಿಯ ಎಂಟನೆಯ ಕೂಸೆಂದು ಕಂಸ ಬಂಡೆಗೆ ಅಪ್ಪಳಿಸಹೋದಾಗ ಕೈಜಾರಿ ಆಕಾಶಕ್ಕೆ ಹಾರಿದ ಆ ಹೆಣ್ಣುಕೂಸು ಇವಳು, ಕೃಷ್ಣನ ತಂಗಿ. ಒಳಗೆ ಅಮೃತಶಿಲೆಯ ಚಿಕ್ಕ ತಗ್ಗಿನಲ್ಲಿ ಕರಿಯ ಕಲ್ಲು, ಮೇಲೆ ವಸ್ತ್ರ, ಚಾವಣಿಯಿಂದ ಇಳಿಬಿಟ್ಟ ಬೀಸಣಿಗೆಗಳು. ಈಗಿನ ಕಟ್ಟಡ 1827ರದು. ಆದರೆ ಈ ಪ್ರದೇಶದ ದೇವಿಯ ಹೆಸರು ಅದಕ್ಕಿಂತ ಬಹಳ ಹಳೆಯದು. ಮಧ್ಯಯುಗದ ಜೈನ ಬರಹಗಳು ದಿಲ್ಲಿಯನ್ನು ಯೋಗಿನೀಪುರ ಎಂದೇ ಕರೆದಿವೆ.

ಈ ಗುಡಿಗೆ ಹೂವಿನ ಬೀಸಣಿಗೆ ಬರುವ ಬಗೆ ಚೆಂದ. ಎರಡನೇ ಅಕ್ಬರನ ಮಗ ಮಿರ್ಜಾ ಜಹಾಂಗೀರ್ ಬ್ರಿಟಿಷ್ ರೆಸಿಡೆಂಟ್ ಸೀಟನ್ ಮೇಲೆ ಗುಂಡು ಹಾರಿಸಿ ಅಲಹಾಬಾದಿಗೆ ಗಡೀಪಾರಾದ. ಮಗ ಬಿಡುಗಡೆಯಾದರೆ ಮೆಹ್ರೌಲಿಯ ಸೂಫಿ ಸಂತ ಕುತುಬುದ್ದೀನ್ ಬಖ್ತಿಯಾರ್ ಕಾಕಿಯವರ ದರ್ಗಾಕ್ಕೆ ಹೂವಿನ ಚಾದರ ಒಪ್ಪಿಸುತ್ತೇನೆಂದು ತಾಯಿ ಹರಕೆ ಹೊತ್ತಳು. ಮಗ ಬಂದ. 1812ರ ಸುಮಾರಿಗೆ ಹರಕೆ ತೀರಿಸಲು ಅರಮನೆಯ ಜೊತೆ ಇಡೀ ಊರೇ ಮೆಹ್ರೌಲಿಗೆ ಹೊರಟಿತು. ದರ್ಗಾಕ್ಕೆ ಚಾದರವಾದರೆ ಯೋಗಮಾಯೆಗೆ ಹೂವಿನ ಬೀಸಣಿಗೆ. ಅಂದಿನಿಂದ ‘ಫೂಲ್ ವಾಲೋಂ ಕೀ ಸೈರ್’ ಎಂಬ ಹಬ್ಬ ನಡೆದುಬಂತು. 1942ರಲ್ಲಿ ಬ್ರಿಟಿಷರು ನಿಲ್ಲಿಸಿದ್ದನ್ನು 1960ರ ದಶಕದ ಆರಂಭದಲ್ಲಿ ನೆಹರೂ ಒತ್ತಾಸೆಯಿಂದ ಮತ್ತೆ ಹಚ್ಚಿದರು. ಶಿಶುನಾಳ ಶರೀಫರನ್ನೂ ಗುರು ಗೋವಿಂದ ಭಟ್ಟರನ್ನೂ ಜೊತೆಯಲ್ಲೇ ನೆನೆಯುವ ನಮಗೆ ಈ ಹೂವಿನ ದಾರಿಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಝಂಡೇವಾಲಿಯ ಕಥೆ ಚಿಕ್ಕದು. ಬದ್ರಿ ಭಗತ್ ಎಂಬ ಬಟ್ಟೆ ವ್ಯಾಪಾರಿ ಈ ಗುಡ್ಡದಲ್ಲಿ ಧ್ಯಾನಕ್ಕೆ ಕೂರುತ್ತಿದ್ದ. ಅಗೆದಾಗ ದೇವಿಯ ಮೂರ್ತಿ ಸಿಕ್ಕಿತು, ಅಗೆತದಲ್ಲಿ ಅದರ ಕೈಗಳು ಮುರಿದವು. ಭಗ್ನವಾಯಿತೆಂದು ಬಿಡದೆ ಬೆಳ್ಳಿಯ ಕೈ ಮಾಡಿಸಿಟ್ಟು ಪೂಜಿಸಿದ. ಆ ಮೂಲ ಮೂರ್ತಿ ಇವತ್ತಿಗೂ ಕೆಳಗಿನ ಗುಹೆಯಲ್ಲಿದೆ. ಇನ್ನು ಛತರ್‌ಪುರದ ಕಾತ್ಯಾಯನಿ ಮಂದಿರ ನಮ್ಮ ಕಾಲದ್ದು, 1974ರಲ್ಲಿ ಬಾಬಾ ಸಂತ ನಾಗಪಾಲರು ಕಟ್ಟಿಸಲು ತೊಡಗಿದ್ದು.

ಹೀಗೆ ಕಾಲಬುಡದಲ್ಲೇ ಗುಡ್ಡದ ದೇವಿಯರಿದ್ದರೂ ದಿಲ್ಲಿಯವರ ಕಣ್ಣು ಉತ್ತರದ ಹಿಮಾಲಯದ ಮೇಲೆ. ಅದಕ್ಕೆ ಕಾರಣವೂ ಇದೆ. 1947ರಲ್ಲಿ ಪಂಜಾಬಿನಿಂದ ಬಂದ ನಿರಾಶ್ರಿತರು ತಮ್ಮೊಡನೆ ಜ್ವಾಲಾಜಿ, ಚಿಂತಪೂರ್ಣಿ, ವೈಷ್ಣೋದೇವಿಯರ ಭಕ್ತಿಯನ್ನೂ ಹೊತ್ತು ತಂದರು. ಬೀದಿಗೆ ಶಾಮಿಯಾನಾ ಹಾಕಿ ರಾತ್ರಿಯಿಡೀ ದೇವಿಯ ಹಾಡು ಹಾಡುವ ‘ಜಗರಾತಾ’ ದಿಲ್ಲಿಯ ಬಡಾವಣೆಗಳಲ್ಲಿ ಬೇರುಬಿಟ್ಟಿತು. 2021ರಲ್ಲಿ ತೀರಿಕೊಂಡ ನರೇಂದ್ರ ಚಂಚಲ್ ಅವರ ಕಂಠ ಆ ರಾತ್ರಿಗಳ ಗುರುತೇ ಆಗಿತ್ತು. ‘ಜೈ ಮಾತಾ ದೀ’ ಎಂದು ಕೆಂಪು ಪಟ್ಟಿ ಹಣೆಗೆ ಕಟ್ಟಿ ಹೊರಟ ಗುಂಪುಗಳನ್ನು ಹೊಸದಿಲ್ಲಿ ರೈಲು ನಿಲ್ದಾಣದಲ್ಲಿ ಯಾವ ದಿನವಾದರೂ ಕಾಣಬಹುದು. ವೈಷ್ಣೋದೇವಿ ಬೆಟ್ಟದ ಬುಡದ ಕಟ್ರಾಕ್ಕೆ 2014ರಲ್ಲಿ ರೈಲು ಬಂತು. 2019ರಿಂದ ವಂದೇ ಭಾರತ್ ಎಂಟು ಗಂಟೆಯಲ್ಲಿ ಮುಟ್ಟಿಸುತ್ತದೆ. ಅಲ್ಲಿಂದ 13 ಕಿಲೋಮೀಟರ್ ಏರು. ಆ ಏರಿನಲ್ಲಿ 2025ರ ಆಗಸ್ಟ್ 26ರಂದು, ಅರ್ಧಕುಂವಾರಿಯ ಬಳಿ, ಮಳೆಗೆ ಗುಡ್ಡ ಜಾರಿ 30ಕ್ಕೂ ಹೆಚ್ಚು ಯಾತ್ರಿಗಳು ತೀರಿಕೊಂಡರು. ಬೆಟ್ಟ ದೇವಿಯ ಗುಡಿಗೆ ಬರಿಯ ಅಡಿಪಾಯವಲ್ಲ. ಅದಕ್ಕೂ ತಾಳುವ ಮಿತಿಯಿದೆ, ಕಾಯಿಲೆಯಿದೆ. ಮೈಸೂರಿನವರು ಇದನ್ನು ಬಲ್ಲರು: 2021ರ ಮಳೆಯಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದು ಬಿದ್ದದ್ದು ಅವರ ಕಣ್ಣೆದುರೇ.

ದಿಲ್ಲಿಯ ಗುಡ್ಡದ ಕಾಯಿಲೆ ಬೇರೆ ಬಗೆಯದು. ಅದು ಜಾರುವುದಿಲ್ಲ, ಕರಗುತ್ತದೆ. ಕೋಟೆ ಕಟ್ಟಲು, ಊರು ಕಟ್ಟಲು ಅದರ ಕಲ್ಲನ್ನೇ ಒಡೆದರು. ಸುಮಾರು ನೂರು ವರ್ಷದ ಹಿಂದೆ ಹಸಿರು ಮಾಡಲೆಂದು ತಂದ ‘ವಿಲಾಯತಿ ಕೀಕರ್’ ಇಡೀ ರಿಡ್ಜ್ ಅನ್ನು ಆವರಿಸಿತು. ಅದು ಬೇರಾವುದೂ ಅಲ್ಲ, ನಮ್ಮ ಕಡೆ ಕೆರೆ ಅಂಗಳಗಳನ್ನು ನುಂಗಿರುವ ಬಳ್ಳಾರಿ ಜಾಲಿ. ಗುಡ್ಡದ ಸ್ವಂತ ಮರ ‘ಧೌ’ ಈಗ ದಟ್ಟವಾಗಿ ಉಳಿದಿರುವುದು ಗುರುಗ್ರಾಮ-ಫರೀದಾಬಾದ್ ನಡುವಿನ ಮಾಂಗರ್ ಬನಿಯಲ್ಲಿ. ಗುದಡಿಯಾ ದಾಸ್ ಬಾಬಾ ಎಂಬ ಸಂತನ ಕಾಡೆಂದು ಸುತ್ತಲ ಗುಜ್ಜರ್ ಹಳ್ಳಿಯವರು ಅಲ್ಲಿ ಕೊಂಬೆ ಕಡಿಯುವುದಿಲ್ಲ. ಕೊಡಗಿನ ದೇವರಕಾಡಿನ ಕಟ್ಟಳೆಯೇ ಅದು. ಕಾನೂನಿಗಿಂತ ಮೊದಲೇ ಶ್ರದ್ಧೆ ಆ ಗುಡ್ಡವನ್ನು ಕಾಯ್ದಿತ್ತು.

ಇತ್ತೀಚಿನ ಆತಂಕ ಇನ್ನೂ ದೊಡ್ಡದು. ಗಣಿಗಾರಿಕೆಯ ಪ್ರಶ್ನೆ ಬಂದಾಗ ಸುತ್ತಲ ನೆಲಕ್ಕಿಂತ 100 ಮೀಟರ್ ಎತ್ತರವಿದ್ದರೆ ಮಾತ್ರ ಅರಾವಳಿ ಬೆಟ್ಟ ಎಂಬ ವ್ಯಾಖ್ಯೆಯನ್ನು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ರಾಜಸ್ಥಾನ, ಹರಿಯಾಣಗಳಲ್ಲಿ ಜನ ಬೀದಿಗಿಳಿದರು. ಡಿಸೆಂಬರ್ ಕೊನೆಯಲ್ಲಿ ಅದೇ ನ್ಯಾಯಾಲಯ ಆ ಆದೇಶವನ್ನು ತಡೆಹಿಡಿದು ಮತ್ತೆ ಪರಿಶೀಲನೆಗೆ ಒಪ್ಪಿಸಿತು. ಆ ಅಳತೆಗೋಲು ಹಿಡಿದು ನೋಡಿದರೆ ಕಾಲ್ಕಾ ಮಾಯಿ ಕೂತಿರುವುದು ಬೆಟ್ಟವೇ ಅಲ್ಲ, ಯೋಗಮಾಯೆಯದೂ ಅಲ್ಲ, ಅಶೋಕನ ಬಂಡೆಯದೂ ಅಲ್ಲ. ಆದರೆ ಮರುಭೂಮಿಯ ಬಿಸಿಗಾಳಿ, ದೂಳನ್ನು ತಡೆಯುವುದು ಈ ಕುಳ್ಳ ಗುಡ್ಡಗಳೇ. ಬಿರುಕುಗಳಲ್ಲಿ ಮಳೆನೀರನ್ನು ಇಳಿಸಿಕೊಂಡು ಅಂತರ್ಜಲ ಮಾಡುವುದೂ ಇವೇ. ಎತ್ತರ ನೋಡಿ ಬೆಟ್ಟದ ಬೆಲೆ ಕಟ್ಟುವುದು ತಪ್ಪು ಎಂದು ನಾನು ದೃಢವಾಗಿ ನಂಬಿದ್ದೇನೆ. ಕಾಲ್ಕಾಜಿಯ ಆವರಣಕ್ಕೆ ಹೊಸ ಯೋಜನೆ ಬರೆಯುವವರು ಅಮೃತಶಿಲೆ ಹಾಸುವ ಮುಂಚೆ ಒಂದಿಷ್ಟು ಬಂಡೆಯನ್ನು ಬರಿಮೈಯಲ್ಲೇ ಬಿಡಲಿ. ದೇವಿ ಗುಡ್ಡದ ಮೇಲಿದ್ದಾಳೆ ಎಂಬುದು ಹತ್ತುವವರ ಪಾದಕ್ಕೂ ಗೊತ್ತಾಗಲಿ.

ನೀವು ಹೋಗುವುದಾದರೆ ಒಂದೆರಡು ಮಾತು. ಚೈತ್ರ ನವರಾತ್ರಿ ನಮ್ಮ ಯುಗಾದಿಯ ಹೊತ್ತಿಗೇ ಶುರುವಾಗುತ್ತದೆ. ಆಗಲೂ ಶರನ್ನವರಾತ್ರಿಯಲ್ಲೂ ನೂಕುನುಗ್ಗಲು ವಿಪರೀತ, ವಯಸ್ಸಾದವರನ್ನು ಕರೆದೊಯ್ಯಬೇಡಿ. ಆದರೆ ಅಷ್ಟಮಿಯ ದಿನ ದಿಲ್ಲಿಯ ಗೆಳೆಯರ ಮನೆಯಲ್ಲಿದ್ದರೆ ‘ಕಂಜಕ್’ ನೋಡಿ ಬನ್ನಿ. ನೆರೆಯ ಹೆಣ್ಣುಮಕ್ಕಳ ಕಾಲು ತೊಳೆದು, ಪೂರಿ, ಹಲ್ವ, ಕರಿಕಡಲೆ ಬಡಿಸಿ, ಅವರನ್ನೇ ದೇವಿಯೆಂದು ನಮಸ್ಕರಿಸುತ್ತಾರೆ. ಉಳಿದ ದಿನಗಳಲ್ಲಿ ಚಳಿಗಾಲದ ಬೆಳಿಗ್ಗೆ ಕಾಲ್ಕಾಜಿಗೆ ಹೋಗಲು ಹಿತ. ದರ್ಶನ ಮುಗಿಸಿ, ಆಟೊದವರಿಗೆ ಈಸ್ಟ್ ಆಫ್ ಕೈಲಾಶಿನ ಅಶೋಕನ ಶಾಸನದ ಉದ್ಯಾನ ಎಂದು ಹೇಳಿ; ತಿಳಿಯದಿದ್ದರೆ ಇಸ್ಕಾನ್ ಮಂದಿರದ ಹತ್ತಿರ ಇಳಿದು ವಿಚಾರಿಸಿ. ಮಕ್ಕಳು ಜೊತೆಗಿದ್ದರೆ ಮಸ್ಕಿ, ಬ್ರಹ್ಮಗಿರಿಗಳ ಹೆಸರನ್ನು ಅವರಿಗೆ ಅಲ್ಲೇ ಹೇಳಿ. ಊರಿಗೆ ಬಂದ ಮೇಲೆ ಅವರನ್ನು ಆ ಬೆಟ್ಟಗಳಿಗೂ ಕರೆದುಕೊಂಡು ಹೋಗಿ.